ಗಂಜಿ ಕೇಂದ್ರದ ಪುಚ್ಚೆ: ಕಚ್ಚುವ ಬೆಕ್ಕನ್ನು ಮನೆಗೆ ಒಗ್ಗಿಸಿದ ಪಾಠ

ನಮ್ಮ ಕಡೆಯ ಕೃಷಿಕರು ದನ ಸಾಕುತ್ತಾರೆ, ನಾಯಿ ಸಾಕುತ್ತಾರೆ. ಬೆಕ್ಕನ್ನು ಮಾತ್ರ ಯಾರೂ ಸಾಕುವುದಿಲ್ಲ. ಅದು ಮನೆಯಲ್ಲಿ ಇರುತ್ತದೆ, ಅಷ್ಟೆ. ಊಟ ಮುಗಿದ ಮೇಲೆ ಒಂದು ಮುಷ್ಟಿ ಅನ್ನ, ಮೀನು ತಂದ ದಿನ ನಾಲ್ಕು ತಲೆ. ಇಲಿ ಹಿಡಿದರೆ ಒಳ್ಳೆಯ ಬೆಕ್ಕು, ಹಾಲು ಕುಡಿದರೆ ಕಳ್ಳ ಬೆಕ್ಕು. ಉಪದ್ರ ಜಾಸ್ತಿಯಾದರೆ ಗೋಣಿಗೆ ಹಾಕಿ ಹೊಳೆ ದಾಟಿಸುವುದು. ನಾನು ಬೆಳೆದದ್ದೂ ಇದೇ ಕ್ರಮದಲ್ಲಿ. ಚಿಕ್ಕಂದಿನಲ್ಲಿ ಅಪ್ಪ ಹೇಳಿದ್ದಕ್ಕೆ ನಾನೇ ಎರಡು ಬೆಕ್ಕುಗಳನ್ನು ಹೀಗೆ ದಾಟಿಸಿ ಬಂದವನು.

ಈ ಅಭಿಪ್ರಾಯ ಬದಲಾದದ್ದು ಒಂದು ಮುಂಗೋಪದ ಗಂಡು ಬೆಕ್ಕಿನಿಂದ. ಅದನ್ನು ಒಗ್ಗಿಸುವಾಗ ಮಾಡಿದ ತಪ್ಪುಗಳು, ಕಲಿತ ಕ್ರಮ ಎರಡನ್ನೂ ಇಲ್ಲಿ ಬರೆದಿದ್ದೇನೆ. ಬೆಕ್ಕಿನ ಬಗ್ಗೆ ಇಷ್ಟು ಬರೆಯುವುದು ಉಂಟಾ ಎಂದು ಕೇಳಬೇಡಿ. ಸುಲಿದ ಅಡಿಕೆ ಇಡುವ ಮನೆಗೆ ಬೆಕ್ಕಿನ ಬೆಲೆ ಏನೆಂದು ನಿಮಗೂ ಗೊತ್ತು.

ಬಂದದ್ದು ಹೀಗೆ

ಸಂಪಾಜೆ ಎಂದರೆ ಎರಡು. ಒಂದು ದಕ್ಷಿಣ ಕನ್ನಡದ್ದು, ಒಂದು ಕೊಡಗಿನದ್ದು. ಕಾಗದದಲ್ಲಿ ಜಿಲ್ಲೆ ಬೇರೆ, ಬದುಕು ಒಂದೇ. 2018ರ ಆಗಸ್ಟ್ 17ರಂದು ಮೇಲೆ ಜೋಡುಪಾಲ, ಮೊಣ್ಣಂಗೇರಿ, ಮದೆನಾಡು ಕಡೆ ಗುಡ್ಡಗಳು ಜರಿದಾಗ ಉಟ್ಟ ಬಟ್ಟೆಯಲ್ಲಿ ಜನ ಇಳಿದು ಬಂದದ್ದು ನಮ್ಮಲ್ಲಿಗೆ. ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಗಂಜಿ ಕೇಂದ್ರಗಳು ತೆರೆದವು. ಮಡಿಕೇರಿಗೆ ಹೋಗುವ ಹೆದ್ದಾರಿಯೇ ಮುಚ್ಚಿತ್ತು. ಊರಿನವರೆಲ್ಲ ಅಲ್ಲಿ ಅಡುಗೆಗೆ, ಬಡಿಸಲಿಕ್ಕೆ ಸೇರಿದೆವು.

ಅಲ್ಲಿ ಒಬ್ಬರು ಅಜ್ಜಿ ಇದ್ದರು. ಮನೆ, ತೋಟ ಎರಡೂ ಹೋಗಿತ್ತು. ಬರುವಾಗ ಒಂದು ಬುಟ್ಟಿಯಲ್ಲಿ ಬೆಕ್ಕನ್ನು ಹಾಕಿ ಮೇಲೆ ಸೀರೆ ಕಟ್ಟಿ ತಂದಿದ್ದರು. ಕೆಂಚು-ಬಿಳಿ ಬಣ್ಣದ ದೊಡ್ಡ ಗಂಡು. ಒಂದು ಕಿವಿ ಹರಿದಿತ್ತು. ನೂರಾರು ಜನ, ಮಕ್ಕಳ ಬೊಬ್ಬೆ, ಪಾತ್ರೆಗಳ ಸದ್ದು. ಅದು ಮೂಲೆಯ ಬೆಂಚಿನ ಅಡಿ ಸೇರಿ ಹತ್ತಿರ ಬಂದವರಿಗೆಲ್ಲ ಉಗುರು ಹಾಕುತ್ತಿತ್ತು. ಎರಡು ಮಕ್ಕಳ ಕೈ ಗೀರಿತು. ಇನ್ನು ಇಲ್ಲಿ ಇದನ್ನು ಇಟ್ಟುಕೊಳ್ಳಲಿಕ್ಕೆ ಆಗದು ಎಂಬ ಮಾತು ಬಂತು. ಅದೂ ನ್ಯಾಯವೇ.

ಅಜ್ಜಿ ನನ್ನನ್ನು ಕರೆದು, "ಮಗಾ, ನನಗೊಂದು ಸೂರು ಆಗುವವರೆಗೆ ಇದನ್ನು ಇಟ್ಟುಕೊಳ್ತೀಯಾ? ಇದು ಮೊದಲು ಹೀಗೆ ಇರಲಿಲ್ಲ" ಎಂದರು. ಆಯಿತು ಎಂದೆ. ಆಗ ಬೇರೆ ಹೇಳುವುದು ಸಾಧ್ಯವೂ ಇರಲಿಲ್ಲ.

ಮೊದಲ ವಾರದ ತಪ್ಪುಗಳು

ಮನೆಗೆ ತಂದವನೇ ಅಡುಗೆ ಮನೆಯಲ್ಲಿ ಬುಟ್ಟಿ ಬಿಚ್ಚಿದೆ. ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಅಟ್ಟ ಹತ್ತಿತು. ಮತ್ತೆ ಮೂರು ದಿನ ಕಣ್ಣಿಗೆ ಬೀಳಲಿಲ್ಲ. ಹಸಿದು ಸಾಯುತ್ತದೆ ಎಂಬ ಹೆದರಿಕೆಗೆ ಕೋಲು ಹಿಡಿದು ಹೊರಗೆ ಹಾಕಲು ನೋಡಿದೆ. ಅದು ಇನ್ನೂ ಒಳಗೆ ಹೋಯಿತು. ಅಟ್ಟದಲ್ಲಿ ಧಾರಣೆ ಬರಲೆಂದು ಇಟ್ಟಿದ್ದ ಚಾಲಿ ಅಡಿಕೆಯ ಎರಡು ಗೋಣಿಗಳ ಮೇಲೆ ಮೂತ್ರ ಮಾಡಿತು. ಗಂಡು ಬೆಕ್ಕಿನ ಮೂತ್ರದ ವಾಸನೆ ಗೊತ್ತಲ್ಲ? ಗೋಣಿ ಬದಲಿಸಿ, ಬಿಸಿಲಿಗೆ ಹಾಕಿದರೂ ಹೋಗಲಿಲ್ಲ. ಆ ಅಡಿಕೆಯನ್ನು ಬೇರೆಯೇ ಇಡಬೇಕಾಯಿತು. ನಾನು ಹಿಡಿಸೂಡಿ ತೆಗೆದುಕೊಂಡು ಅಟ್ಟಿದೆ. ಮನೆಯವಳು ಬಾಗಿಲು ಬಡಿದಳು. ಮಗಳು ಬಾಲ ಹಿಡಿದು ಎಳೆದಳು. ನಾಯಿ ಬೊಗಳಿತು. ಒಂದು ಪ್ರಾಣಿಯನ್ನು ಹುಚ್ಚು ಹಿಡಿಸಲು ಏನೆಲ್ಲ ಮಾಡಬೇಕೋ ಅದನ್ನೆಲ್ಲ ಮಾಡಿದೆವು.

ಏಳನೆಯ ದಿನ ಬೆಳಿಗ್ಗೆ ಅಮ್ಮ ಬಚ್ಚಲಿನ ಒಲೆಗೆ ಸೌದೆ ತೆಗೆಯುವಾಗ ಅದು ಸೌದೆಯ ಹಿಂದೆ ಮಲಗಿತ್ತು. "ಬಾ ಪುಚ್ಚೆ" ಎಂದು ಅಮ್ಮ ಕೈ ಚಾಚಿದರು. ಹೆಬ್ಬೆರಳಿನ ಬುಡಕ್ಕೆ ಕಚ್ಚಿ ಓಡಿತು.

ಅಷ್ಟು ಸಾಕಾಯಿತು ನನಗೆ. ಮೂಲೆಗೆ ಒತ್ತರಿಸಿ, ದಪ್ಪ ಕಂಬಳಿ ಹಾಕಿ ಹಿಡಿದು ಗೋಣಿಗೆ ತುಂಬಿದೆ. ಅಮ್ಮನನ್ನು ಜೀಪಿನ ಎದುರು ಕೂರಿಸಿದೆ, ಗೋಣಿಯನ್ನು ಹಿಂದೆ ಇಟ್ಟೆ. ಸುಳ್ಯದಲ್ಲಿ ಚುಚ್ಚುಮದ್ದು ಮುಗಿಸಿ, ಬರುವಾಗ ಅರಂತೋಡಿನ ಆಚೆ ಎಲ್ಲಾದರೂ ಬಿಟ್ಟು ಬರುವ ಅಂದಾಜು.

ವೈದ್ಯರು ಗಾಯ ನೋಡಿ ಮೊದಲು ಕೇಳಿದ್ದು, "ಬೆಕ್ಕು ಎಲ್ಲಿದೆ?" ಎಂದು. ಅಮ್ಮ ನನ್ನ ಮುಖ ನೋಡಿದರು. "ಅದನ್ನು ಹತ್ತು ದಿನ ಕಣ್ಣೆದುರು ಇಟ್ಟುಕೊಳ್ಳಿ. ಹತ್ತು ದಿನ ಆರೋಗ್ಯವಾಗಿದ್ದರೆ ಕಚ್ಚುವಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಎಂದು ಲೆಕ್ಕ. ಎಲ್ಲಿಯೋ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?" ಎಂದರು. ಹಾಗೆಂದು ಚುಚ್ಚುಮದ್ದಿಗೆ ಹತ್ತು ದಿನ ಕಾಯುವುದಲ್ಲ, ಅದನ್ನು ಅವತ್ತೇ ಶುರು ಮಾಡಿದರು.

ಹಾಗಾಗಿ ಹೋದ ಗೋಣಿ ಅದೇ ಜೀಪಿನಲ್ಲಿ ವಾಪಾಸು ಬಂತು. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ, ಉಸಿರಾಡುತ್ತದೋ ಎಂದು ಗೋಣಿಯ ಮೇಲೆ ಕೈ ಇಟ್ಟು ನೋಡಿದೆ. ಅದು ಗಡಗಡ ನಡುಗುತ್ತಿತ್ತು. ಒಂದು ವಾರದಿಂದ ನಾನು ಸಿಟ್ಟು ಎಂದುಕೊಂಡದ್ದು ಸಿಟ್ಟಾಗಿರಲಿಲ್ಲ.

ಹತ್ತು ದಿನ, ಒಂದು ಕೋಣೆ

ಕಾವಲಿಗಾಗಿ ಅದನ್ನು ಒಂದು ಕೋಣೆಯಲ್ಲಿ ಹಾಕಲೇಬೇಕಾಯಿತು. ಹೊಸ ಬೆಕ್ಕಿಗೆ ಮೊದಲ ದಿನವೇ ಬೇಕಿದ್ದದ್ದು ಅದುವೇ ಎಂದು ಆಮೇಲೆ ಗೊತ್ತಾಯಿತು. ಕೊಟ್ಟಿಗೆ ಪಕ್ಕದ ಗೊಬ್ಬರದ ಕೋಣೆ ಖಾಲಿ ಮಾಡಿದೆ. ಮೈಲುತುತ್ತು, ಸುಣ್ಣ, ಗೊಬ್ಬರದ ಹುಡಿ ಒಂದು ಕಾಳೂ ಉಳಿಯದಂತೆ ತೊಳೆದೆ. ಬೆಕ್ಕು ಕಾಲಿಗೆ ತಾಗಿದ್ದನ್ನೆಲ್ಲ ನೆಕ್ಕುತ್ತದೆ, ಹಾಗಾಗಿ ಇದರಲ್ಲಿ ಉದಾಸೀನ ಕೂಡದು. ಫಿನಾಯಿಲ್ ಹಾಕಲಿಲ್ಲ, ಅದೂ ಬೆಕ್ಕಿಗೆ ವಿಷ.

ಕೋಣೆಯಲ್ಲಿ ನಾಲ್ಕೇ ವಸ್ತು. ಒಂದು, ಬಾಯಿ ಮಗುಚಿದ ರಟ್ಟಿನ ಪೆಟ್ಟಿಗೆ, ನುಗ್ಗಲು ಒಂದು ತೂತು. ಎರಡು, ನೀರು. ಮೂರು, ಊಟದ ತಟ್ಟೆ. ನಾಲ್ಕು, ಇವುಗಳಿಂದ ದೂರದ ಮೂಲೆಯಲ್ಲಿ ಅಗಲದ ಹಳೆ ಟಬ್ಬಿನಲ್ಲಿ ನಾಲ್ಕು ಬೆರಳು ಮರಳು. ತಿನ್ನುವಲ್ಲಿ ಬೆಕ್ಕು ಹೊಲಸು ಮಾಡುವುದಿಲ್ಲ. ಟಬ್ಬು ಹೊಲಸಾಗಿದ್ದರೆ ಟಬ್ಬಿಗೂ ಹೋಗುವುದಿಲ್ಲ. ದಿನಕ್ಕೆ ಒಮ್ಮೆಯಾದರೂ ಕೆರೆಸಿ ತೆಗೆಯಬೇಕು. ಬೆಕ್ಕು ಎರಡಿದ್ದರೆ ಟಬ್ಬು ಮೂರು ಬೇಕು.

ಪೆಟ್ಟಿಗೆ ಯಾಕೆ ಎಂದು ನೀವು ಕೇಳಬಹುದು. ಅಡಗುವ ಬೆಕ್ಕಿಗೆ ಅಡಗಲು ಜಾಗ ಕೊಟ್ಟರೆ ಅದು ಹೊರಗೆ ಬರುವುದೆಂದು? ನಾನೂ ಹಾಗೆಯೇ ಎಣಿಸಿದ್ದೆ. ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಒಂದು ಆಶ್ರಯ ಕೇಂದ್ರಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಇದನ್ನು ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಕೆಲವಕ್ಕೆ ಅಡಗುವ ಪೆಟ್ಟಿಗೆ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕಿದ ಬೆಕ್ಕುಗಳೇ ಬೇಗ ಸುಧಾರಿಸಿಕೊಂಡವು. ಕಾರಣ ಕಷ್ಟದ್ದಲ್ಲ. ಬೇಕೆಂದಾಗ ಅಡಗಬಹುದು ಎಂಬ ಧೈರ್ಯ ಇದ್ದರೆ ಹೊರಗೆ ಬರಲೂ ಧೈರ್ಯ ಬರುತ್ತದೆ. ಓಡಲು ದಾರಿ ಇಲ್ಲದ ಬೆಕ್ಕು ಕಚ್ಚುತ್ತದೆ. ಅಮ್ಮನನ್ನು ಕಚ್ಚಿದ ದಿನ ಅದರ ಹಿಂದೆ ಗೋಡೆ ಇತ್ತು, ಎದುರು ಕೈ ಇತ್ತು.

ಊಟ ದಿನಕ್ಕೆ ಎರಡು ಹೊತ್ತು, ಒಂದೇ ಸಮಯಕ್ಕೆ. ಇಡೀ ದಿನ ತಟ್ಟೆಯಲ್ಲಿ ಊಟ ಇಟ್ಟರೆ ನೀವು ಯಾರೆಂದು ಅದಕ್ಕೆ ಬೇಕಾಗುವುದಿಲ್ಲ. ತಟ್ಟೆ ಇಟ್ಟು ಬಾಗಿಲ ಹತ್ತಿರ ನೆಲದಲ್ಲಿ ಬೆನ್ನು ಹಾಕಿ ಕೂರುತ್ತಿದ್ದೆ. ಮಾತಿಲ್ಲ, ನೋಟವಿಲ್ಲ. ಪತ್ರಿಕೆ ಓದುವುದು. ಮೊದಲ ಮೂರು ದಿನ ನಾನು ಹೋದ ಮೇಲೆ ತಿಂದಿತು. ನಾಲ್ಕನೆಯ ದಿನ ಹಿಂದೆ ಚಪಚಪ ಶಬ್ದ ಕೇಳಿತು. ತಿರುಗಿ ನೋಡಬೇಕು ಎಂದು ಬಹಳ ಆಸೆಯಾಯಿತು. ನೋಡಲಿಲ್ಲ.

ಹತ್ತು ದಿನ ಕಳೆಯಿತು. ಬೆಕ್ಕು ಆರೋಗ್ಯವಾಗಿಯೇ ಇತ್ತು. ಅಮ್ಮನ ಚುಚ್ಚುಮದ್ದೂ ವೈದ್ಯರು ಹೇಳಿದ ದಿನಗಳಲ್ಲಿ ಮುಂದುವರಿಯಿತು. ಇನ್ನು ಬಿಟ್ಟು ಬರಬಹುದಿತ್ತು. ಆಗ ಅಮ್ಮನೇ, "ಎಷ್ಟು ದಿನ ಆಯ್ತು ಅದು ತಿನ್ನಲಿಕ್ಕೆ ಶುರು ಮಾಡಿ? ಇನ್ನು ಬಿಟ್ಟರೆ ಪಾಪ ಅಲ್ಲವಾ?" ಎಂದರು. ಕಚ್ಚಿಸಿಕೊಂಡವರೇ ಹೀಗೆಂದ ಮೇಲೆ ನನ್ನದೇನು?

ಒಂದು ಮಾತು ಇಲ್ಲಿಯೇ ಹೇಳಬೇಕು. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ವಿಧಿಯಂತೆ ಅಪರಾಧ. ಗೋಣಿಯಲ್ಲಿ ದಾಟಿಸುವ ನಮ್ಮ ಹಳೇ ಕ್ರಮ ಅದರೊಳಗೆ ಬರುತ್ತದೆ.

ಹತ್ತಿರವಾದದ್ದು

ಆಮೇಲಿನ ಒಂದೂವರೆ ತಿಂಗಳು ಊಟದ ತಟ್ಟೆಯನ್ನು ದಿನಕ್ಕೆ ಒಂದು ಗೇಣಿನಂತೆ ನನ್ನ ಕಡೆಗೆ ತಂದೆ. ಹಿಂದೆ ಸರಿದರೆ ಮರುದಿನ ಎರಡು ಗೇಣು ಹಿಂದಕ್ಕೆ. ಇದರಲ್ಲಿ ಅವಸರ ಮಾಡಿದವ ಸೋತ.

ಕಣ್ಣು ಮಿಟುಕಿಸುವುದು ಇನ್ನೊಂದು ಉಪಾಯ. ಬೆಕ್ಕನ್ನು ದಿಟ್ಟಿಸಿ ನೋಡಿದರೆ ಅದಕ್ಕೆ ಅದು ಜಗಳಕ್ಕೆ ಕರೆದ ಹಾಗೆ. ಕಣ್ಣನ್ನು ಅರ್ಧ ಮುಚ್ಚಿ, ನಿಧಾನಕ್ಕೆ ಪೂರ್ತಿ ಮುಚ್ಚಿ, ತೆರೆದು, ಮುಖ ಆಚೆ ತಿರುಗಿಸಬೇಕು. ಇದು ಅಜ್ಜಿ ಕಥೆ ಎಂದುಕೊಂಡಿದ್ದೆ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗ ಮಾಡಿ, ಹೀಗೆ ಮಿಟುಕಿಸಿದ ಮನುಷ್ಯರಿಗೆ ಬೆಕ್ಕೂ ಮಿಟುಕಿಸುತ್ತದೆ, ಅಪರಿಚಿತರಾದರೂ ಅವರ ಕೈಯ ಹತ್ತಿರ ಹೆಚ್ಚು ಬರುತ್ತದೆ ಎಂದು ತೋರಿಸಿದ್ದಾರೆ. ನಮ್ಮ ಪುಚ್ಚೆ ಮೊದಲ ಸಲ ನನಗೆ ಉತ್ತರ ಕೊಟ್ಟದ್ದು ಐದನೆಯ ವಾರದಲ್ಲಿ.

ಕೈ ಕೊಡುವುದಾದರೆ ಒಂದು ಬೆರಳನ್ನು ಅದರ ಮೂಗಿನ ಮಟ್ಟದಲ್ಲಿ, ಒಂದು ಗೇಣು ದೂರ ಹಿಡಿದು ನಿಲ್ಲಬೇಕು. ಮೂಸಿ ಕೆನ್ನೆ ಉಜ್ಜಿದರೆ ಒಪ್ಪಿಗೆ. ಆಗ ಕೆನ್ನೆ, ಗಲ್ಲ, ಕಿವಿಯ ಬುಡ ಅಷ್ಟೇ ಮುಟ್ಟುವುದು. ಹೊಟ್ಟೆ, ಬಾಲ, ಕಾಲು ಬೇಡ. ಮೂರು ಸಲ ಸವರಿ ಕೈ ತೆಗೆಯಬೇಕು. ಪುನಃ ಅದು ಕೇಳಿದರೆ ಇನ್ನು ಮೂರು. ಮುದ್ದು ಮಾಡುತ್ತಿದ್ದಾಗಲೇ ಇದ್ದಕ್ಕಿದ್ದಂತೆ ಕಚ್ಚಿತು ಎನ್ನುವವರು ಬಹಳ. ಇದ್ದಕ್ಕಿದ್ದಂತೆ ಅಲ್ಲ, ಅದು ಮೊದಲೇ ಹೇಳಿರುತ್ತದೆ. ಬಾಲದ ತುದಿ ಪಟಪಟ ಹೊಡೆಯುತ್ತದೆ. ಬೆನ್ನಿನ ಚರ್ಮ ಅದುರುತ್ತದೆ. ಕಿವಿ ಪಕ್ಕಕ್ಕೆ ಮಡಚುತ್ತದೆ. ಗುರುಗುಟ್ಟುವುದು ನಿಲ್ಲುತ್ತದೆ. ನಾವು ನೋಡುವುದಿಲ್ಲ, ಅಷ್ಟೆ.

ಹಲ್ಲಿನ ಸಂಗತಿ

ಇಷ್ಟಾದರೂ ಒಂದು ಸಮಸ್ಯೆ ಉಳಿಯಿತು. ಬಲಗೆನ್ನೆ ಮುಟ್ಟಿದರೆ ಉಗುರು ಬರುತ್ತಿತ್ತು. ಮಳೆ ಬಿಟ್ಟ ಮೇಲೆ ಗಂಡುತನ ತೆಗೆಸಲೆಂದು ಪಶುವೈದ್ಯರಲ್ಲಿಗೆ ಒಯ್ದೆ. ಅರಿವಳಿಕೆ ಕೊಟ್ಟು ಬಾಯಿ ಬಿಡಿಸಿ ನೋಡಿದರೆ ಬಲಬದಿಯ ದವಡೆಹಲ್ಲು ಮುರಿದು ಬುಡ ಕೊಳೆತು ಕೀವಾಗಿತ್ತು. ಅದನ್ನೂ ತೆಗೆದರು. "ಇಷ್ಟು ನೋವಿದ್ದರೆ ನೀವೂ ಕಚ್ಚುತ್ತಿದ್ದಿರಿ" ಎಂದರು.

ಇದು ನನಗೆ ಎಲ್ಲಕ್ಕಿಂತ ದೊಡ್ಡ ಪಾಠ. ದನ ಒದ್ದರೆ ಮೊದಲು ಕೆಚ್ಚಲು ನೋಡುವವರು ನಾವು. ಬೆಕ್ಕು ಕಚ್ಚಿದರೆ ಅದರ ಗುಣವೇ ಅಂಥದು ಎನ್ನುತ್ತೇವೆ. ಕೆಟ್ಟ ಗುಣ ಎಂದು ತೀರ್ಮಾನಿಸುವ ಮೊದಲು ಹಲ್ಲು, ಕಿವಿ, ಗಾಯ, ಮೂತ್ರ ಇಷ್ಟನ್ನು ತೋರಿಸಬೇಕು. ಮುಖ್ಯವಾಗಿ ಗಂಡು ಬೆಕ್ಕು ಪುನಃ ಪುನಃ ಕುಳಿತು ತಿಣುಕಿಯೂ ಮೂತ್ರ ಬಾರದಿದ್ದರೆ ನಾಳೆಗೆ ಇಡಬಾರದು. ಮೂತ್ರನಾಳ ಕಟ್ಟಿದರೆ ಎರಡು-ಮೂರು ದಿನದಲ್ಲಿ ಜೀವ ಹೋಗುತ್ತದೆ.

ಗಂಡುತನ ತೆಗೆಸಿದ ಮೇಲೆ ಗೋಡೆಗೆ ಮೂತ್ರ ಹಾರಿಸುವುದು ಕೆಲವು ವಾರಗಳಲ್ಲಿ ನಿಂತಿತು. ರಾತ್ರಿ ತಿರುಗಾಟ, ಜಗಳ, ಗಾಯ ಕಡಿಮೆಯಾಯಿತು. ಹೆದ್ದಾರಿ ಪಕ್ಕದ ಊರಿನಲ್ಲಿ ಇದು ದೊಡ್ಡ ಲಾಭ. ಐದಾರು ತಿಂಗಳ ಪ್ರಾಯಕ್ಕೆ ಗಂಡಾಗಲಿ ಹೆಣ್ಣಾಗಲಿ ಈ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಹೆಣ್ಣು ಬೆಕ್ಕಿಗೆ ಮಾಡಿಸದೆ, ಮರಿಗಳನ್ನು ಮಾತ್ರ ಊರಾಚೆ ಬಿಡುವ ನಮ್ಮ ಕ್ರಮಕ್ಕೆ ಕೊನೆ ಇಲ್ಲ.

ಮೂತ್ರ ಬಿದ್ದ ಜಾಗದ ವಾಸನೆ ಪೂರ್ತಿ ಹೋಗದಿದ್ದರೆ ಪುನಃ ಅಲ್ಲೇ ಮಾಡುತ್ತದೆ. ಸೋಪು ನೀರಿನಲ್ಲಿ ತಿಕ್ಕಿ, ಅಡುಗೆ ಸೋಡ ಹಾಕಿ ತೊಳೆದು, ಬಿಸಿಲು ಬೀಳುವ ಹಾಗೆ ಮಾಡಿದೆ. ಅಡಿಕೆ ಅಟ್ಟಕ್ಕೆ ಬಾಗಿಲು ಹಾಕಿಸಿದೆ. ಈಗ ಅದು ಅಟ್ಟದ ಹೊರಗೆ ಕಾವಲು, ಒಳಗೆ ನಾವಿದ್ದಾಗ ಮಾತ್ರ.

ಊಟ, ಮದ್ದು, ಇಲಿ ಪಾಷಾಣ

ಬೆಕ್ಕು ಮಾಂಸಾಹಾರಿ. ಅನ್ನ-ಹಾಲಿನಲ್ಲಿ ಅದರ ಹೊಟ್ಟೆ ತುಂಬಬಹುದು, ದೇಹ ನಡೆಯುವುದಿಲ್ಲ. ಮೀನು-ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಅಂಶ ಇಲ್ಲದಿದ್ದರೆ ಕಣ್ಣು, ಹೃದಯ ಕೆಡುತ್ತದೆ. ನಾವು ಬೂತಾಯಿಯನ್ನು ಉಪ್ಪು, ಮಸಾಲೆ ಇಲ್ಲದೆ ಬೇಯಿಸಿ ಸ್ವಲ್ಪ ಅನ್ನಕ್ಕೆ ಕಲಸಿ ಕೊಡುತ್ತೇವೆ, ನಡುವೆ ಕೋಳಿಯ ಒಳಭಾಗ. ಸಸ್ಯಾಹಾರಿ ಮನೆಯವರು ಪೇಟೆಯ ಬೆಕ್ಕಿನ ಆಹಾರ ತರುವುದು ಒಳ್ಳೆಯದು. ನೀರುಳ್ಳಿ-ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅದು ಬೆಕ್ಕಿನ ರಕ್ತ ಕೆಡಿಸುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದೆ ಬೇಧಿಯಾಗುತ್ತದೆ.

ಜ್ವರ ಎಂದು ಪ್ಯಾರಸಿಟಮಾಲ್ ಕೊಡಬೇಡಿ. ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು. ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಮದ್ದನ್ನೂ ಹಾಕಬೇಡಿ, ಅದೂ ಹಾಗೆಯೇ. ಮೂರು ತಿಂಗಳು ದಾಟಿದ ಬೆಕ್ಕಿಗೆ ರೇಬೀಸ್ ಚುಚ್ಚುಮದ್ದು, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ. ಮನೆಯಲ್ಲಿ ಗರ್ಭಿಣಿ ಇದ್ದರೆ ಮರಳಿನ ಟಬ್ಬು ತೆಗೆಯುವ ಕೆಲಸ ಬೇರೆಯವರದ್ದು. ಬೆಕ್ಕಿನ ಮಲದಿಂದ ಹರಡುವ ಟಾಕ್ಸೋಪ್ಲಾಸ್ಮ ಎಂಬ ರೋಗಾಣು ಹೊಟ್ಟೆಯ ಮಗುವಿಗೆ ತೊಂದರೆ ಮಾಡಬಲ್ಲುದು.

ಇಲಿ ಪಾಷಾಣ ಮತ್ತು ಬೆಕ್ಕು ಒಂದೇ ಮನೆಯಲ್ಲಿ ಆಗದು. ಬ್ರೋಮಡಿಯೋಲೋನ್ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ತಿರುಗುತ್ತದೆ. ಬೆಕ್ಕಿಗೆ ಅದು ಸುಲಭದ ತುತ್ತು. ಅಂಥ ಇಲಿ ತಿಂದ ಬೆಕ್ಕಿನ ಒಳಗೆ ರಕ್ತ ಸೋರಬಹುದು. ಇದಕ್ಕೆ ಕೆ-1 ವಿಟಮಿನ್ ಮದ್ದು ಉಂಟು, ಬೇಗ ಒಯ್ದರೆ ಮಾತ್ರ. ನಾವು ಮನೆ, ಕೊಟ್ಟಿಗೆ ಸುತ್ತ ಪಾಷಾಣ ನಿಲ್ಲಿಸಿ ಬೋನು ಇಡುತ್ತೇವೆ.

ಬೆಕ್ಕಿನಿಂದ ಇಲಿ ಪೂರ್ತಿ ಹೋಯಿತಾ? ಇಲ್ಲ. ಗೋಣಿ ತೂತು ಮಾಡುವ ಸಣ್ಣ ಇಲಿಗಳ ಕಾಟ ಬಹಳ ಕಡಿಮೆಯಾಗಿದೆ. ಹೆಗ್ಗಣವನ್ನು ನಮ್ಮ ಪುಚ್ಚೆ ದೂರದಿಂದ ನೋಡಿ ಗೌರವ ಕೊಡುತ್ತದೆ. ಕೊಕ್ಕೋ ತಿನ್ನುವ ಅಳಿಲಿಗೆ ಅದರಿಂದ ಏನೂ ಉಪದ್ರವಿಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲೇ ಹೂಳಿದ ಬೆಕ್ಕು ಸಿಕ್ಕಿದ್ದು 2004ರಲ್ಲಿ ಪ್ರಕಟವಾಯಿತು. ಧಾನ್ಯ ಕೂಡಿಟ್ಟಲ್ಲಿ ಇಲಿ, ಇಲಿ ಬಂದಲ್ಲಿ ಬೆಕ್ಕು. ನಮ್ಮ ಒಪ್ಪಂದ ಅಷ್ಟು ಹಳತು. ಆದರೆ ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದು ಎಂಬುದು ಸುಳ್ಳು. ಹೊಟ್ಟೆ ತುಂಬಿದರೂ ಬೇಟೆಯ ಆಸೆ ಇರುತ್ತದೆ. ಅದೇ ಆಸೆಯಲ್ಲಿ ನಮ್ಮ ಕಾಲಿಗೂ ಹಾರುತ್ತದೆ. ಕೋಲಿಗೆ ಹಗ್ಗ ಕಟ್ಟಿ ಸೋಗೆಯ ತುಂಡು ಸಿಕ್ಕಿಸಿ ದಿನಕ್ಕೆ ಹತ್ತು ನಿಮಿಷ ಆಡಿಸಿದರೆ ಕಾಲು ಉಳಿಯುತ್ತದೆ. ಕೈಯಲ್ಲಿ ಮಾತ್ರ ಆಡಿಸಬೇಡಿ. ಕೈ ಆಟದ ವಸ್ತು ಎಂದು ಕಲಿತರೆ ಮತ್ತೆ ಬಿಡಿಸುವುದು ಕಷ್ಟ.

ಭೂಮಿ ನಡುಗಿದಾಗ

2022ರ ಜೂನ್ 28ರಂದು ಬೆಳಿಗ್ಗೆ 7.45ಕ್ಕೆ ನಮ್ಮಲ್ಲಿ ಭೂಮಿ ಕಂಪಿಸಿತು. ಪಕ್ಕದ ಚೆಂಬು ಅದರ ಕೇಂದ್ರ, ತೀವ್ರತೆ 3. ದೊಡ್ಡ ಸದ್ದೂ ಬಂದಿತ್ತು. ಅದಕ್ಕೆ ಮೂರು ದಿನ ಮೊದಲೂ ಸಣ್ಣದೊಂದು ಆಗಿತ್ತು. ಬೆಕ್ಕಿಗೆ ಮೊದಲೇ ಗೊತ್ತಾಗುತ್ತದಂತೆ ಹೌದಾ ಎಂದು ಹಲವರು ಕೇಳಿದ್ದಾರೆ. ನಮ್ಮದು ಜಗಲಿಯಲ್ಲಿ ನಿದ್ದೆ ಮಾಡುತ್ತಿತ್ತು. ಸದ್ದು ಬಂದ ಮೇಲೆ ನಮ್ಮ ಜೊತೆಯೇ ಓಡಿತು.

ಆದರೆ ನಾಲ್ಕು ವರ್ಷದ ಪಾಠವೆಲ್ಲ ಒಂದೇ ದಿನದಲ್ಲಿ ಮರೆತಿತು. ಪುನಃ ಅಡಗಿತು, ಪುನಃ ಉಗುರು, ಪುನಃ ಗೋಡೆಗೆ ಮೂತ್ರ. ಈ ಸಲ ಹಿಡಿಸೂಡಿ ಎತ್ತಲಿಲ್ಲ. ಅದೇ ಕೋಣೆ, ಅದೇ ಪೆಟ್ಟಿಗೆ, ಅದೇ ಹೊತ್ತಿಗೆ ಊಟ. ಐದು ದಿನದಲ್ಲಿ ಸರಿಯಾಯಿತು. ಒಗ್ಗಿದ ಬೆಕ್ಕು ತಪ್ಪಿದರೆ ಮೊದಲ ಪಾಠಕ್ಕೆ ಹಿಂದೆ ಹೋಗಬೇಕು, ಬೈಗಳಿಗಲ್ಲ.

ಅದೇ ವರ್ಷ ಆಗಸ್ಟ್ ಮೊದಲಲ್ಲಿ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಗೇ ನೀರು ನುಗ್ಗಿದಾಗ ನಮಗೂ ಒಂದು ರಾತ್ರಿ ಮನೆ ಬಿಡಬೇಕಾಯಿತು. ಆ ಹೊತ್ತಿಗೆ ಬೆಕ್ಕು ತಾನೇ ಬುಟ್ಟಿಯೊಳಗೆ ಹೋಗಿ ಕುಳಿತಿತು. ಪವಾಡವಲ್ಲ. ಮುಚ್ಚಳವಿರುವ ಬುಟ್ಟಿಯನ್ನು ವರ್ಷವಿಡೀ ಜಗಲಿಯಲ್ಲಿ ತೆರೆದಿಟ್ಟು ವಾರಕ್ಕೆ ಎರಡು ಸಲ ಅದರೊಳಗೇ ಮೀನು ಕೊಟ್ಟು ಅಭ್ಯಾಸ ಮಾಡಿದ್ದೆವು. ಸಂಪಾಜೆ ಕಣಿವೆಯಲ್ಲಿ ಬದುಕುವವರು ಇದೊಂದನ್ನಾದರೂ ಮಾಡಿಡಿ. ಅವಸರದಲ್ಲಿ ಹಿಡಿಯಲು ಸಿಗದ ಬೆಕ್ಕನ್ನು ಬಿಟ್ಟೇ ಓಡಬೇಕಾಗುತ್ತದೆ. 2018ರಲ್ಲಿ ಅಜ್ಜಿ ತಮ್ಮದನ್ನು ತಂದದ್ದು ಅದು ಒಲೆಯ ಪಕ್ಕ ಕೈಗೆ ಸಿಕ್ಕಿದ್ದರಿಂದ ಮಾತ್ರ.

ತರುವವರಿಗೆ ನಾಲ್ಕು ಮಾತು

ಮಂಗಳೂರಿನ ಶಕ್ತಿನಗರದಲ್ಲಿ ಆನಿಮಲ್ ಕೇರ್ ಟ್ರಸ್ಟ್ ನಾಯಿ-ಬೆಕ್ಕುಗಳಿಗೆ ಆಶ್ರಯ ನಡೆಸುತ್ತದೆ. ಇಂಥ ಕಡೆಯಿಂದ ದೊಡ್ಡ ಬೆಕ್ಕನ್ನು ತರುವವರಿಗೂ ಕ್ರಮ ಇದೇ.

* ಎರಡರಿಂದ ಏಳು ವಾರದ ಪ್ರಾಯದಲ್ಲಿ ಮನುಷ್ಯರ ಕೈ ಕಂಡ ಮರಿ ಸುಲಭವಾಗಿ ಒಗ್ಗುತ್ತದೆ. ಕಾಣದ್ದು ದೂರದಲ್ಲೇ ಉಳಿಯಬಹುದು. ಹಿಂದಿನ ಕಥೆ ಕೇಳಿ ತನ್ನಿ.
* ಮೊದಲ ದಿನದಿಂದಲೇ ಒಂದು ಕೋಣೆ. ಮನೆ ಇಡೀ ತೋರಿಸಬೇಡಿ.
* ನಾಯಿ ಇದ್ದರೆ ಒಂದರ ಹಾಸಿದ ಗೋಣಿಯನ್ನು ಇನ್ನೊಂದರ ಹತ್ತಿರ ಇಡಿ. ವಾಸನೆ ಒಗ್ಗಲಿ. ಆಮೇಲೆ ಮುಚ್ಚಿದ ಬಾಗಿಲ ಎರಡು ಬದಿಯಲ್ಲಿ ಊಟ. ಮುಖಾಮುಖಿ ಕೊನೆಗೆ.
* ಹೊಡೆಯಬೇಡಿ. ತಪ್ಪು ಯಾವುದು ಎಂದು ಬೆಕ್ಕು ಕಲಿಯುವುದಿಲ್ಲ, ನೀವು ಹೊಡೆಯುವವರು ಎಂದು ಮಾತ್ರ ಕಲಿಯುತ್ತದೆ.
* ಕಚ್ಚಿದರೆ, ಗೀರಿದರೆ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಶಿನ, ಸುಣ್ಣ, ಕಾಫಿಹುಡಿ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಕ್ಕಿನ ಹಲ್ಲು ಸೂಜಿಯಂತೆ, ಗಾಯ ಹೊರಗೆ ಸಣ್ಣ, ಒಳಗೆ ಆಳ. ಬೇಗ ಕೀವಾಗುತ್ತದೆ. ರೇಬೀಸ್ ಬಂದ ಮೇಲೆ ಮದ್ದಿಲ್ಲ.

ಎಲ್ಲರೂ ಇಂಥ ಬೆಕ್ಕನ್ನು ತರಬೇಕು ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ನಡೆಯಲು ಕಲಿಯುತ್ತಿರುವ ಮಗು ಇದ್ದರೆ, ದಿನಕ್ಕೆ ಅರ್ಧ ಗಂಟೆ ಸುಮ್ಮನೆ ಕೂರುವ ವ್ಯವಧಾನ ಇಲ್ಲದಿದ್ದರೆ ಬೇಡ. ಅಡಿಕೆ ಕೊಯ್ಲಿನ ಸಮಯದಲ್ಲಿ ತರುವುದೂ ಬೇಡ.

ಅಜ್ಜಿ ಬಂದದ್ದು

2020ರ ಜೂನಿನಲ್ಲಿ ಮದೆನಾಡು, ಜಂಬೂರುಗಳಲ್ಲಿ ಸಂತ್ರಸ್ತರಿಗೆ ಮನೆಗಳನ್ನು ಕೊಟ್ಟರು. ಅಜ್ಜಿಗೂ ಒಂದು ಮನೆ ಆಯಿತು. ಕೊರೊನಾದ ರಗಳೆ ಸ್ವಲ್ಪ ತಣಿದ ಮೇಲೆ ಮಗನ ಜೊತೆ ನಮ್ಮಲ್ಲಿಗೆ ಬಂದರು. ನಾನು ಬುಟ್ಟಿ ತೊಳೆದು ಇಟ್ಟಿದ್ದೆ. ಮಗಳು ಬೆಳಿಗ್ಗೆಯಿಂದ ಮಾತಾಡಿರಲಿಲ್ಲ.

ಅಜ್ಜಿ ಜಗಲಿಯಲ್ಲಿ ಕುಳಿತು ಕರೆದರು. ಪುಚ್ಚೆ ಬಂತು, ಆದರೆ ಮೂರು ಮಾರು ದೂರದಲ್ಲಿ ಕುಳಿತಿತು. ಅಜ್ಜಿ ಎಳೆಯಲಿಲ್ಲ, ಹಿಡಿಯಲಿಲ್ಲ. ಬಹಳ ಹೊತ್ತು ನೋಡಿದರು. ಅದು ಕಣ್ಣು ನಿಧಾನಕ್ಕೆ ಮುಚ್ಚಿ ತೆರೆಯಿತು.

"ಇಲ್ಲೇ ಇರಲಿ ಮಗಾ. ಅದಕ್ಕೂ ಎರಡೆರಡು ಸಲ ಮನೆ ಬಿಡಿಸುವುದು ಬೇಡ" ಎಂದರು. ಹೋಗುವಾಗ ಅಮ್ಮನ ಹೆಬ್ಬೆರಳಿನ ಕಲೆ ನೋಡಿ, "ನಿಮಗೆ ಕಚ್ಚಿತಾ?" ಎಂದು ಬೇಸರಪಟ್ಟರು. "ಆಗ ಅದಕ್ಕೆ ಹೆದರಿಕೆ ಇತ್ತು" ಎಂದರು ಅಮ್ಮ.

ಈಗ ಪುಚ್ಚೆಗೆ ಪ್ರಾಯವಾಗಿದೆ. ಮಡಿಲಲ್ಲಿ ಕೂರುವ ಬೆಕ್ಕು ಅದು ಆಗಲಿಲ್ಲ, ಆಗುವುದೂ ಇಲ್ಲ. ನೆಂಟರು ಬಂದರೆ ಸೌದೆ ಕೊಟ್ಟಿಗೆ ಸೇರುತ್ತದೆ. ಹೆಚ್ಚು ಹೊತ್ತು ಮುಟ್ಟಿಸಿಕೊಳ್ಳುವುದು ಅಮ್ಮನ ಹತ್ತಿರ ಮಾತ್ರ. ಸಂಜೆ ಅವರು ಅಡಿಕೆ ಸುಲಿಯಲು ಕೂತರೆ ಒಂದು ಮೊಳ ದೂರದಲ್ಲಿ ಬಂದು ಮಲಗುತ್ತದೆ. ಬೆನ್ನು ಅವರ ಕಡೆಗೆ, ಮುಖ ಬಾಗಿಲ ಕಡೆಗೆ.

ನಿಮ್ಮಲ್ಲೂ ಇಂಥ ಬೆಕ್ಕನ್ನು ಒಗ್ಗಿಸಿದವರಿದ್ದರೆ, ನಿಮ್ಮ ಕ್ರಮ ಬೇರೆಯಿದ್ದರೆ ಬರೆದು ತಿಳಿಸಿ.